ಸುಮ್ಮನಿದ್ದರೆ ಒಪ್ಪಿಗೆಯೇ?

ಪತ್ರಿಕೆಯ ಚಂದಾ ಮುಗಿದರೆ ಕಾರ್ಯಾಲಯದಿಂದ ಕಾಗದ ಬರುತ್ತದೆ. ಹಣ ಕಳಿಸಿದರೆ ಪತ್ರಿಕೆ ಉಂಟು, ಇಲ್ಲವಾದರೆ ಇಲ್ಲ. ಸರಕಾರಿ ಕಚೇರಿಯಲ್ಲೂ ಮಂಜೂರಾತಿಯ ಅವಧಿ ತೀರಿದ ಮೇಲೆ ಹೊಸ ಸಹಿಯಿಲ್ಲದೆ ಪೈಸೆ ಹೊರಡದು. ಸಾಫ್ಟ್‌ವೇರ್ ಮಾರುವವರ ಶಾಸ್ತ್ರವೇ ಬೇರೆ! ‘ಒಂದು ತಿಂಗಳು ಪುಕ್ಕಟೆ’ ಎಂದು ಕಾರ್ಡಿನ ನಂಬರು ಬರೆಸಿಕೊಳ್ಳುತ್ತಾರೆ. ಆಮೇಲೆ ನಾವು ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಸೇರಲು ಒಂದು ಗುಂಡಿ, ಬಿಡಲು ಹತ್ತು ಪುಟ. ಇದು ವ್ಯಾಪಾರವಲ್ಲ, ಮರೆವಿನ ಮೇಲೆ ವಿಧಿಸಿದ ಸುಂಕ.

ಹೀಗೆನ್ನುವುದು ನಾನೊಬ್ಬನೇ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಮೋಸದ ವರಸೆಗಳಲ್ಲಿ ‘ಚಂದಾ ಬಲೆ’ಯೂ ಒಂದು. ರದ್ದತಿಯ ದಾರಿಯನ್ನು ಬಚ್ಚಿಡುವುದು, ಪುಕ್ಕಟೆ ಚಂದಾಕ್ಕೂ ಪಾವತಿಯ ವಿವರವನ್ನು ಬಲವಂತವಾಗಿ ಕೇಳುವುದು, ಎರಡೂ ಅದರಲ್ಲಿ ಬರುತ್ತವೆ.

“ಹೋಗಲಿ ಬಿಡಿ, ಮುನ್ನೂರು ರೂಪಾಯಿಗೆ ಪರಊರಿನಲ್ಲಿ ಕಟ್ಟೆ ಹತ್ತುವುದೇ?” ಗೋರ್ವಾದ ನಮ್ಮವರ ಈ ಮಾತಿಗೆ ನನ್ನ ತಕರಾರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಪರಊರೆಂಬುದೇ ಇಲ್ಲ: ದೂರುದಾರ ವಾಸಿಸುವ ಇಲ್ಲವೆ ದುಡಿಯುವ ಊರಲ್ಲೇ ದೂರು ಕೊಡಬಹುದು. ನಮಗೆ ವಡೋದರದ ಜಿಲ್ಲಾ ಆಯೋಗವೇ ಸಾಕು. ಕಂಪನಿ ಎಲ್ಲಿದೆಯೋ ಅಲ್ಲಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರಬಹುದು. ಮನೂಭಾಯಿ ಶಾಹ್ ಅಹಮದಾಬಾದಿನಲ್ಲಿ ಗ್ರಾಹಕರ ಶಿಕ್ಷಣ-ಸಂಶೋಧನೆಗೆಂದು ಕೇಂದ್ರ ಕಟ್ಟಿದ್ದು 1978ರಲ್ಲಿ. ಆಗ 1986ರ ಮೊದಲ ಕಾಯಿದೆಯೂ ಹುಟ್ಟಿರಲಿಲ್ಲ. ಅಂಥ ನಾಡಿನ ನೀರು ಕುಡಿಯುತ್ತಿರುವವರು ನಾವು!

ರಿಜರ್ವ್ ಬ್ಯಾಂಕಿನ ನಿಯಮವೂ ನಮ್ಮ ಕಡೆಗಿದೆ. 2021ರ ಅಕ್ಟೋಬರ್ 1ರಿಂದ ಇಂಥ ಕಡಿತಕ್ಕೆ 24 ಗಂಟೆ ಮೊದಲೇ ತಿಳಿವಳಿಕೆ ಬರಬೇಕು, ಬೇಡವೆನ್ನುವ ಅವಕಾಶವೂ ಇರಬೇಕು. ಆದರೆ 15,000 ರೂಪಾಯಿವರೆಗೆ ಓಟಿಪಿಯ ಅಗತ್ಯವಿಲ್ಲವೆಂದದ್ದು ನನಗೆ ಸರಿಕಾಣದು. ನಮ್ಮ ಸಂಬಳದ ಮನೆಗಳಲ್ಲಿ ಅದು ಸಣ್ಣ ಮೊತ್ತವೇ? ಪ್ರತಿ ನವೀಕರಣಕ್ಕೂ ಹೊಸ ಒಪ್ಪಿಗೆ ಬೇಕೆಂದು ನಿಯಮ ತಿದ್ದಬೇಕು.

ಅಲ್ಲಿಯವರೆಗೆ ಬ್ಯಾಂಕಿಗೆ ಕೊಟ್ಟ ಕಡಿತದ ಅನುಮತಿಯನ್ನು ಹಿಂತೆಗೆದುಕೊಳ್ಳಿ. ಅಷ್ಟಕ್ಕೇ ನಿಲ್ಲದೆ, ಚಂದಾ ರದ್ದೆಂದು ಕಂಪನಿಗೂ ಬೇರೆಯಾಗಿ ಬರೆಯಿರಿ. ಹಣ ನಿಂತ ಮಾತ್ರಕ್ಕೆ ಕರಾರು ಮುಗಿಯಿತೆಂದಲ್ಲ. ಬರೆದದ್ದರ ಪ್ರತಿಯನ್ನೂ ಕಡಿತದ ಸಂದೇಶವನ್ನೂ ತೆಗೆದಿಡಿ. ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ.