ಮದ್ಯವನ್ನು ಅಳೆದ ಮಹನೀಯರು

1885ರಲ್ಲಿ ಆಲ್‌ಫ್ರೆಡ್ ಬರ್ನಾರ್ಡ್ ಎಂಬ ಆಂಗ್ಲ ಗೃಹಸ್ಥನೊಬ್ಬನು ತೀರ್ಥಯಾತ್ರೆಗೆ ಹೊರಟನು. ತೀರ್ಥವೆಂಬ ಮಾತಿಗೆ ನಮ್ಮ ಜನ ವಿನೋದಕ್ಕಾಗಿ ಕೊಡುವ ಎರಡನೆಯ ಅರ್ಥವೇ ಇಲ್ಲಿ ಸಲ್ಲತಕ್ಕದ್ದು. ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ವಿಸ್ಕಿಯನ್ನು ಬಟ್ಟಿಯಿಳಿಸುವ ಕಾರ್ಖಾನೆಗಳನ್ನು ಕಣ್ಣಾರೆ ಕಂಡು ವರದಿ ಮಾಡುವುದೇ ಅವನ ಯಾತ್ರೆಯ ಉದ್ದೇಶ. ಆ ವರದಿಗಳನ್ನು ಪ್ರಕಟಿಸಿದ್ದು ಹಾರ್ಪರ್ಸ್ ವೀಕ್ಲಿ ಗೆಜೆಟ್ ಎಂಬ ಮದ್ಯವ್ಯಾಪಾರದ ಪತ್ರಿಕೆ. ರೈಲಿನಲ್ಲಿ, ಹಡಗಿನಲ್ಲಿ, ಕುದುರೆಗಾಡಿಯಲ್ಲಿ ಸುಮಾರು ಎರಡು ವರ್ಷ ಸುತ್ತಿ, ಸ್ಕಾಟ್ಲೆಂಡಿನಲ್ಲಿ 129, ಐರ್ಲೆಂಡಿನಲ್ಲಿ 28, ಇಂಗ್ಲೆಂಡಿನಲ್ಲಿ 4, ಹೀಗೆ 161 ಕಾರ್ಖಾನೆಗಳ ವೃತ್ತಾಂತವನ್ನು ಸಂಗ್ರಹಿಸಿ, 1887ರಲ್ಲಿ ಅದನ್ನೊಂದು ಭಾರಿ ಗ್ರಂಥವಾಗಿ ಹೊರತಂದನು. ಇಂದಿಗೂ ವಿಸ್ಕಿಯ ವಿಷಯ ಬರೆಯಹೊರಟ ಯಾರೂ ಬರ್ನಾರ್ಡನನ್ನು ದಾಟಿ ಹೋಗಲಾರರು.

ಮಾಲ್ಟ್ ವಿಸ್ಕಿಯನ್ನು ತಯಾರಿಸುವ ವಿಧಾನ ಕೇಳಲು ಸುಲಭ. ಜವೆಗೋಧಿಯನ್ನು ನೆನೆಯಿಟ್ಟು, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ, ಬಿಸಿನೀರಿನಲ್ಲಿ ಅದರ ಸಿಹಿಯನ್ನು ತೆಗೆದು, ಹುಳಿಬರಿಸಿ, ತಾಮ್ರದ ಹಂಡೆಗಳಲ್ಲಿ ಸಾಮಾನ್ಯವಾಗಿ ಎರಡು ಬಾರಿ ಬಟ್ಟಿಯಿಳಿಸುತ್ತಾರೆ. ಅನಂತರ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸುತ್ತಾರೆ. ಬರ್ನಾರ್ಡನಿಗೆ ಈ ಒಂದೊಂದು ಹಂತವೂ ಅಳತೆಗೆ ಒಳಪಡತಕ್ಕ ವಸ್ತು. ಕಣಜ ಎಷ್ಟು ಅಡಿ ಉದ್ದ, ಹಂಡೆ ಎಷ್ಟು ಗ್ಯಾಲನ್ ಹಿಡಿಯುತ್ತದೆ, ನೀರು ಯಾವ ತೊರೆಯಿಂದ ಬರುತ್ತದೆ, ವರ್ಷದ ಉತ್ಪನ್ನವೆಷ್ಟು, ಇವೆಲ್ಲವೂ ಅವನ ಪುಸ್ತಕದಲ್ಲಿ ಉಂಟು. ವಿಸ್ಕಿಯ ರುಚಿ ಹೇಗಿತ್ತು ಎಂದು ಕೇಳಿದರೆ ಮಾತ್ರ ಆತ ಬಹುಮಟ್ಟಿಗೆ ಮೌನಿ. ಊಟದ ರುಚಿಯನ್ನು ಬಿಟ್ಟು, ಅಡಿಗೆಮನೆಯ ಪಾತ್ರೆಗಳ ಲೆಕ್ಕವನ್ನು ಮಾತ್ರ ಬರೆದಿಟ್ಟ ಅತಿಥಿಯಂತೆ ಆತನು ತೋರಿದರೆ ಆಶ್ಚರ್ಯವಿಲ್ಲ. ಅತಿಥಿಯಾಗಿ ಹೋದವನಾದ್ದರಿಂದ ಮಾಲೀಕರ ಮೇಲೆ ಟೀಕೆಯೂ ಅಪರೂಪ. ಅವರು ಕೊಟ್ಟ ಅಂಕಿಗಳನ್ನು ಓದುವಾಗ ಈ ಮಾತು ನೆನಪಿನಲ್ಲಿರಬೇಕು.

ಆದರೆ ಕಾಲ ಮುಂದುವರಿದಂತೆ ಆ ಪಾತ್ರೆಗಳ ಲೆಕ್ಕವೇ ಬೆಲೆಬಾಳುವ ವಸ್ತುವಾಯಿತು. ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಕ್ಯಾಂಬೆಲ್‌ಟೌನ್ ಎಂಬ ಪುಟ್ಟ ಪಟ್ಟಣವಿದೆ. ಬರ್ನಾರ್ಡನು ಅಲ್ಲಿ 21 ಕಾರ್ಖಾನೆಗಳನ್ನು ಕಂಡನು. ಅರ್ಧ ಶತಮಾನ ಕಳೆಯುವುದರೊಳಗೆ ಅವುಗಳಲ್ಲಿ ಉಳಿದದ್ದು ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕೋಷಿಯಾ ಎಂಬ ಎರಡೇ. ಡಬ್ಲಿನ್ ನಗರದ ಥಾಮಸ್ ಬೀದಿಯಲ್ಲಿದ್ದ ರೋ ಮನೆತನದ ಕಾರ್ಖಾನೆ ಆ ಕಾಲದಲ್ಲಿ ಜಗತ್ತಿನ ಅತಿ ದೊಡ್ಡ ವಿಸ್ಕಿ ಕಾರ್ಖಾನೆಗಳಲ್ಲಿ ಒಂದಾಗಿತ್ತು. ಇಂದು ಅದರ ಗುರುತಾಗಿ ಹಳೆಯ ಗಾಳಿಗಿರಣಿಯ ಗೋಪುರವೊಂದು ನಿಂತಿದೆ. 28 ಕಾರ್ಖಾನೆಗಳಿದ್ದ ಐರ್ಲೆಂಡ್ ದ್ವೀಪದಲ್ಲಿ 1970ರ ದಶಕದ ಕೊನೆಗೆ ಒಲೆ ಉರಿಯುತ್ತಿದ್ದದ್ದು ಎರಡೇ ಕಡೆ. ಅಳಿದುಹೋದ ಇಂತಹ ಎಷ್ಟೋ ಮನೆಗಳು ಹೇಗಿದ್ದವೆಂದು ತಿಳಿಯಲು ಬರ್ನಾರ್ಡನ ಪುಟಗಳಷ್ಟು ವಿವರವಾದ ಸಾಕ್ಷಿ ಬೇರೆ ದೊರೆಯುವುದು ಕಷ್ಟ. ಹಳೆಯ ಪ್ರತಿ ಕೈಗೆ ಸಿಗುವುದು ದುರ್ಲಭವಾಗಿದ್ದುದರಿಂದ 1969ರಲ್ಲಿ ಅದನ್ನು ಯಥಾಪ್ರತಿಯಾಗಿ ಮರುಮುದ್ರಿಸಬೇಕಾಯಿತು.

ರುಚಿಯ ಮಾತನ್ನು ಆಡಲು ಮತ್ತೊಬ್ಬನು ಬರಬೇಕಾಯಿತು. 1930ರಲ್ಲಿ ಏನಿಯಸ್ ಮ್ಯಾಕ್‌ಡೊನಾಲ್ಡ್ ಎಂಬ ಹೆಸರಿನಲ್ಲಿ ‘ವಿಸ್ಕಿ’ ಎಂಬ ಸಣ್ಣ ಪುಸ್ತಕವೊಂದು ಪ್ರಕಟವಾಯಿತು. ಅದು ಕಾವ್ಯನಾಮ; ಬರೆದವನು ಜಾರ್ಜ್ ಮಾಲ್ಕಮ್ ಥಾಮ್ಸನ್ ಎಂಬ ಪತ್ರಿಕೋದ್ಯಮಿ. ಐದು ವರ್ಷಗಳ ತರುವಾಯ ಕಾದಂಬರಿಕಾರ ನೀಲ್ ಗನ್ ‘ವಿಸ್ಕಿ ಮತ್ತು ಸ್ಕಾಟ್ಲೆಂಡ್’ ಎಂಬ ಗ್ರಂಥವನ್ನು ರಚಿಸಿದನು. ಗನ್ ಆಗ ಇನ್ವರ್ನೆಸ್ ಪಟ್ಟಣದ ಕಾರ್ಖಾನೆಯೊಂದರಲ್ಲಿ ಅಬಕಾರಿ ಅಧಿಕಾರಿ. ಹಗಲು ಸರಕಾರದ ಸುಂಕಕ್ಕಾಗಿ ಪೀಪಾಯಿಗಳನ್ನು ಎಣಿಸುತ್ತಿದ್ದ ಕೈಯೇ ಅವುಗಳ ಮಹಿಮೆಯನ್ನೂ ಬರೆಯಿತೆಂಬುದು ಸ್ವಾರಸ್ಯದ ಸಂಗತಿ. ಬೆರಕೆಯ ವಿಸ್ಕಿ ಲೋಕವನ್ನೆಲ್ಲ ಆಳುತ್ತಿದ್ದ ಆ ಕಾಲದಲ್ಲಿ, ಒಂದೊಂದು ಕಾರ್ಖಾನೆಯ ಮಾಲ್ಟಿಗೂ ಅದರದೇ ವ್ಯಕ್ತಿತ್ವವುಂಟೆಂದು ಇಬ್ಬರೂ ವಾದಿಸಿದರು. ಆ ವಾದವನ್ನು ವ್ಯಾಪಾರ ಲೋಕ ಕಿವಿಗೆ ಹಾಕಿಕೊಳ್ಳಲು ಹಲವು ದಶಕಗಳೇ ಬೇಕಾದವು.

1989ರಲ್ಲಿ ಮೈಕೆಲ್ ಜ್ಯಾಕ್ಸನ್ ಬರೆದ ಮಾಲ್ಟ್ ವಿಸ್ಕಿಯ ಕೈಪಿಡಿ ಬಂದಿತು. ಈತನು ಹಾಡುಗಾರ ಜ್ಯಾಕ್ಸನ್ ಅಲ್ಲ. ಬಿಯರ್ ಕುರಿತು ಬರೆದು ಆಗಲೇ ಹೆಸರಾಗಿದ್ದ ಯಾರ್ಕ್‌ಷೈರಿನ ಪತ್ರಕರ್ತ. ಪ್ರತಿಯೊಂದು ಮಾಲ್ಟಿನ ಬಣ್ಣ, ವಾಸನೆ, ರುಚಿ ಇವುಗಳನ್ನು ನಾಲ್ಕೈದು ಮಾತುಗಳಲ್ಲಿ ಹೇಳಿ, ಪರೀಕ್ಷೆಯ ಉತ್ತರಪತ್ರಿಕೆಗೆ ಹಾಕುವಂತೆ 100ಕ್ಕೆ ಇಂತಿಷ್ಟು ಅಂಕವೆಂದು ಬರೆದನು. ಗಿರಾಕಿಗೆ ಇದು ಬಹಳ ಅನುಕೂಲ. ಅಂಗಡಿಯವನಿಗೆ ಇನ್ನೂ ಅನುಕೂಲ. ಆದರೆ ಅಂಕಗಳಿಗೆ ಆಯುಷ್ಯ ಕಡಿಮೆ. ಅಂದು ರುಚಿ ನೋಡಿದ ಸೀಸೆ ಖರ್ಚಾಗಿ ಹೋಗಿರುತ್ತದೆ. ಅದೇ ಹೆಸರಿನಲ್ಲಿ ಇಂದು ಮಾರಾಟವಾಗುವುದು ಬೇರೆ ಪೀಪಾಯಿಗಳ ಸಾರ. ಜ್ಯಾಕ್ಸನ್ ತನ್ನ ಕೈಪಿಡಿಯನ್ನು ಮತ್ತೆ ಮತ್ತೆ ಪರಿಷ್ಕರಿಸಬೇಕಾಯಿತು. ಬರ್ನಾರ್ಡನ ಗ್ಯಾಲನ್ನುಗಳಿಗೆ ಆ ಬಾಧೆಯಿಲ್ಲ.

ಹಾಗೆಂದು ಅಂಕಗಳನ್ನು ಕೇವಲ ಆಟವೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ನಿದರ್ಶನ ನಮ್ಮ ಬೆಂಗಳೂರೇ. 1948ರಲ್ಲಿ ಇಲ್ಲಿ ಸ್ಥಾಪನೆಯಾದ ಅಮೃತ್ ಸಂಸ್ಥೆ ತನ್ನ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಕೊಲ್ಲನ ಬೀದಿಯಲ್ಲಿ ಸೂಜಿ ಮಾರುವ ಸಾಹಸವೆಂದರೆ ಇದೇ. ಬೆಂಗಳೂರಿನ ಹವೆಯಲ್ಲಿ ಪೀಪಾಯಿಯಿಂದ ಆವಿಯಾಗುವ ಭಾಗ ವರ್ಷಕ್ಕೆ ನೂರಕ್ಕೆ ಹತ್ತನ್ನೂ ಮೀರುವುದುಂಟು. ಸ್ಕಾಟ್ಲೆಂಡಿನಲ್ಲಿ ಅದು ಸುಮಾರು ಎರಡು. ಮದ್ಯ ಬೇಗ ಹದಕ್ಕೆ ಬರುತ್ತದೆ, ಬೇಗ ಕರಗಿಯೂ ಹೋಗುತ್ತದೆ. ‘ಎಷ್ಟು ವರ್ಷ ಹಳೆಯದು?’ ಎಂದೇ ಮೊದಲು ಕೇಳುವ ಗಿರಾಕಿಯ ಮುಂದೆ ಈ ಸಮಾಧಾನ ಹೇಳುವುದು ಸುಲಭವಲ್ಲ. ಜಿಮ್ ಮರ್ರೆ ಎಂಬ ಬರಹಗಾರನು ತನ್ನ ವಿಸ್ಕಿ ಕೈಪಿಡಿಯ 2010ರ ಆವೃತ್ತಿಯಲ್ಲಿ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು, ಜಗತ್ತಿನಲ್ಲಿ ಮೂರನೆಯ ಸ್ಥಾನದಲ್ಲಿ ನಿಲ್ಲಿಸಿದನು. ಭಾರತದ ಜವೆಗೋಧಿಯ ಜೊತೆಗೆ ಸ್ಕಾಟ್ಲೆಂಡಿನ ಹೊಗೆವಾಸನೆಯ ಜವೆಗೋಧಿಯೂ ಸೇರಿ ಆದ ಮದ್ಯವದು. ಆಮೇಲೆ ಬೆಂಗಳೂರಿನ ಹೆಸರು ಹೊರನಾಡಿನ ಕೈಪಿಡಿಗಳಲ್ಲಿ ಕಾಣುವುದು ವಿಶೇಷವೆನಿಸಲಿಲ್ಲ.

ಈಗ ವಾರ್ಷಿಕ ಗ್ರಂಥಗಳ ಕಾಲ. ಇಂಗ್ವಾರ್ ರೊಂಡೆ ಎಂಬ ಸ್ವೀಡನ್ ದೇಶದವನು 2006ರ ಸಂಚಿಕೆಯಿಂದ ಆರಂಭಿಸಿದ ‘ಮಾಲ್ಟ್ ವಿಸ್ಕಿ ಇಯರ್‌ಬುಕ್’ ತೆರೆದರೆ ಯಾವ ಕಾರ್ಖಾನೆಯ ಒಡೆತನ ಯಾರದು, ಯಾವುದು ಮುಚ್ಚಿತು, ಯಾವುದು ತೆರೆಯಿತು ಎಂಬ ವರ್ತಮಾನ ಸಿಗುತ್ತದೆ. ಮುಚ್ಚಿದವು ತೆರೆಯುವುದೂ ಉಂಟು. ಐಲಾ ದ್ವೀಪದಲ್ಲಿ ಬರ್ನಾರ್ಡನು ಕಂಡ ಒಂಬತ್ತು ಕಾರ್ಖಾನೆಗಳಲ್ಲಿ ಪೋರ್ಟ್ ಎಲನ್ ಒಂದು. 1983ರಲ್ಲಿ ಮುಚ್ಚಿಹೋಗಿದ್ದ ಅದರ ಹಂಡೆಗಳು 2024ರಲ್ಲಿ ಮತ್ತೆ ಕಾದವು.