ಅಳಿಸಬೇಕಾದದ್ದು ನೆನಪೋ, ನೋವೋ?

ಕಹಿ ನೆನಪನ್ನು ಔಷಧಿಯಿಂದ ಅಳಿಸಬಹುದೇ ಎಂಬ ಚರ್ಚೆಗೆ ಬಲ ಬಂದದ್ದು 2000ರಲ್ಲಿ. ನೆನಪಿಸಿಕೊಂಡಾಗ ಹಳೆಯ ನೆನಪು ಕೆಲ ಹೊತ್ತು ಸಡಿಲಗೊಂಡು ಮತ್ತೆ ಗಟ್ಟಿಯಾಗುತ್ತದೆ ಎಂಬುದನ್ನು ಕರೀಮ್ ನಾದರ್, ಜೋಸೆಫ್ ಲೆಡೂ ಮತ್ತವರ ಸಹೋದ್ಯೋಗಿ ಇಲಿಗಳಲ್ಲಿ ತೋರಿಸಿದರು.

2018ರಲ್ಲಿ ಕೆನಡಾದ ಅಲೇನ್ ಬ್ರುನೆ ತಂಡ, ಆಘಾತದ ನೆನಪಿನಿಂದ ನರಳುತ್ತಿದ್ದ 60 ಮಂದಿಯ ಮೇಲಿನ ಅಧ್ಯಯನವನ್ನು ಪ್ರಕಟಿಸಿತು. ಕೆಲವರಿಗೆ ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು, ನಡೆದದ್ದನ್ನು ಬರೆಸಿ ಓದಿಸಲಾಯಿತು. ಔಷಧಿ ಪಡೆದವರ ಯಾತನೆ ಹೆಚ್ಚು ತಗ್ಗಿತು. ಘಟನೆ ಮಾತ್ರ ಮರೆತುಹೋಗಲಿಲ್ಲ.

ನೊಂದವರ ಯಾತನೆ ತಗ್ಗಿಸುವುದು ಕರುಣೆಯೇ. ಆದರೆ ನೋಯಿಸಿದವನೂ ಅದೇ ಮಾತ್ರೆ ಕೇಳಿದರೆ? ಅಮೆರಿಕ ಅಧ್ಯಕ್ಷರ ಜೈವಿಕ ನೀತಿ ಮಂಡಳಿ 2003ರಲ್ಲೇ ಈ ಆತಂಕವನ್ನು ಎತ್ತಿತ್ತು. ಯುದ್ಧದಿಂದ ಮರಳಿದ ಸೈನಿಕನಲ್ಲಿ ಭಯ, ಪಶ್ಚಾತ್ತಾಪ ಎರಡೂ ಬೆರೆತಿರಬಹುದು.

ಜೈನರ ಪ್ರತಿಕ್ರಮಣ ನಿಂತಿರುವುದೇ ನೆನಪಿನ ಮೇಲೆ. ಮಾಡಿದ ತಪ್ಪನ್ನು ನೆನೆದು, ಅದು ಮನಸ್ಸನ್ನು ಚುಚ್ಚಿದಾಗಲೇ ಕ್ಷಮೆ ಕೇಳಲು ಸಾಧ್ಯ. ಮಾತ್ರೆ ಆ ಚುಚ್ಚುವಿಕೆಯನ್ನು ತೆಗೆದೀತು, ಕಟ್ಟಿಕೊಂಡ ಕರ್ಮವನ್ನಲ್ಲ. ಆದ್ದರಿಂದ ಚಿಕಿತ್ಸೆಗೆ ಮುನ್ನ ವೈದ್ಯರೂ ಕುಟುಂಬದವರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಭಯದ ನೋವೋ, ಪಶ್ಚಾತ್ತಾಪದ ನೋವೋ? ಮೊದಲನೆಯದಕ್ಕೆ ಮಾತ್ರೆ ಇರಲಿ. ಎರಡನೆಯದಕ್ಕೆ ಕ್ಷಮಾಯಾಚನೆಯೇ ಮದ್ದು.