ಲಬ್ಬೈಕ್: ಯಾರ ಕರೆಗೆ ಈ ಉತ್ತರ?

ಹಜ್ಜ್ ತರಬೇತಿ ಶಿಬಿರವೊಂದರಲ್ಲಿ ತಲ್ಬಿಯಃ ಕಲಿಸುತ್ತಿದ್ದೆ. ಎದುರಿಗಿದ್ದ ವೃದ್ಧರೊಬ್ಬರು ತಡವರಿಸದೆ ಹೇಳಿ ಮುಗಿಸಿದರು. ಬಳಿಕ ಮೆಲ್ಲಗೆ ಕೇಳಿದರು: "ಉಸ್ತಾದರೇ, ಲಬ್ಬೈಕ್ ಎಂದರೆ 'ಇದೋ ಬಂದೆ' ಎಂದಲ್ಲವೇ? ನನ್ನನ್ನು ಕರೆದವರು ಯಾರು?"

ಕೇಳಬೇಕಾದ ಪ್ರಶ್ನೆಯೇ. ಜನರನ್ನು ಹಜ್ಜ್‌ಗೆ ಕರೆಯುವಂತೆ ಅಲ್ಲಾಹನು ಹಝ್ರತ್ ಇಬ್ರಾಹೀಮ್(ಅ)ರಿಗೆ ಆಜ್ಞಾಪಿಸಿದ ವಿಷಯ ಪವಿತ್ರ ಕುರ್‌ಆನಿನ 'ಅಲ್ ಹಜ್ಜ್' ಅಧ್ಯಾಯದ 27ನೆಯ ಸೂಕ್ತದಲ್ಲಿದೆ. ಆ ಕರೆಗೆ ಯಾತ್ರಿಕನು ಕೊಡುವ ಉತ್ತರವೇ ತಲ್ಬಿಯಃ:

"ಲಬ್ಬೈಕಲ್ಲಾಹುಮ್ಮ ಲಬ್ಬೈಕ್, ಲಬ್ಬೈಕ ಲಾ ಶರೀಕ ಲಕ ಲಬ್ಬೈಕ್, ಇನ್ನಲ್ ಹಮ್ದ ವನ್ನಿಅಮತ ಲಕ ವಲ್ ಮುಲ್ಕ್, ಲಾ ಶರೀಕ ಲಕ್."

ಓ ಅಲ್ಲಾಹ್, ನಾನಿದೋ ಹಾಜರಾಗಿದ್ದೇನೆ. ನಿನಗೆ ಸಹಭಾಗಿಗಳಿಲ್ಲ. ಸ್ತುತಿ, ಅನುಗ್ರಹ, ಆಧಿಪತ್ಯಗಳೆಲ್ಲ ನಿನ್ನವೇ. ನಿನಗೆ ಸಹಭಾಗಿಗಳಿಲ್ಲ.

'ಲಬ್ಬೈಕ್' ಅರಬಿ ವ್ಯಾಕರಣದಲ್ಲಿ ದ್ವಿವಚನ ರೂಪ. ಒಮ್ಮೆ ಓಗೊಟ್ಟು ಸುಮ್ಮನಾಗುವುದಲ್ಲ, ಮತ್ತೆ ಮತ್ತೆ ಓಗೊಡುವುದು ಎಂಬ ಭಾವ ಅದರಲ್ಲಿದೆ.

ಇಸ್ಲಾಮಿಗೆ ಮುಂಚೆ ಮಕ್ಕಾದ ಬಹುದೇವಾರಾಧಕರೂ ತಲ್ಬಿಯಃ ಹೇಳುತ್ತಿದ್ದರು. ಆದರೆ "ನಿನಗೆ ಸಹಭಾಗಿಗಳಿಲ್ಲ" ಎಂದ ಮೇಲೆ, "ನಿನ್ನದೇ ಅಧೀನದಲ್ಲಿರುವ ಒಬ್ಬ ಸಹಭಾಗಿಯ ಹೊರತು" ಎಂದು ಸೇರಿಸುತ್ತಿದ್ದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರವಾದಿವರ್ಯರು(ಸ) ಕಲಿಸಿದ ತಲ್ಬಿಯದಲ್ಲಿ ಈ 'ಹೊರತು' ಇಲ್ಲ. ಹಝ್ರತ್ ಜಾಬಿರ್(ರ) ಅದನ್ನು ತೌಹೀದ್ ಎಂದೇ ವರ್ಣಿಸಿದ್ದಾರೆ.

ಹೇಳುವಾಗಲೂ ಎಚ್ಚರ ಬೇಕು. 'ಲಾ' ಎಂದರೆ 'ಇಲ್ಲ'. ಅವಸರದಲ್ಲಿ ಅದನ್ನು ನುಂಗಿದರೆ ಅರ್ಥವೇ ಬುಡಮೇಲಾಗುತ್ತದೆ. 'ಲಾ' ಎಳೆದು ಹೇಳಿ. 'ವಲ್ ಮುಲ್ಕ್' ಎಂದ ಮೇಲೆ ತುಸು ನಿಲ್ಲಿ. ಪುರುಷರು ಧ್ವನಿಯೆತ್ತಿಯೂ ಸ್ತ್ರೀಯರು ತಗ್ಗಿದ ಸ್ವರದಲ್ಲಿಯೂ ಹೇಳಬೇಕು. ಇಹ್ರಾಮ್‌ನ ಸಂಕಲ್ಪದೊಂದಿಗೆ ಆರಂಭವಾಗುವ ತಲ್ಬಿಯಃ ಉಮ್ರಾದಲ್ಲಿ ತವಾಫ್ ತೊಡಗುವಾಗ, ಹಜ್ಜ್‌ನಲ್ಲಿ ದುಲ್‌ಹಜ್ಜ್ 10ರಂದು ಜಮ್ರತುಲ್ ಅಕಬಕ್ಕೆ ಕಲ್ಲೆಸೆಯಲು ತೊಡಗುವಾಗ ನಿಲ್ಲುತ್ತದೆ.

ಇಷ್ಟನ್ನೂ ಕೇಳಿದ ಆ ವೃದ್ಧರು ತಲೆತಗ್ಗಿಸಿದರು. "ನನ್ನ ಲಬ್ಬೈಕ್‌ನಲ್ಲೂ ಒಂದು 'ಹೊರತು' ಇದೆ ಉಸ್ತಾದರೇ. ಅಂಗಡಿಯಲ್ಲಿ ಗಿರಾಕಿಗಳಿರುವ ಹೊತ್ತಿನ ಹೊರತು. ದಿನಕ್ಕೆ ಐದು ಬಾರಿ ಕರೆ ಕೇಳಿಸುತ್ತಿತ್ತು, ನಾನು ಏಳುತ್ತಿರಲಿಲ್ಲ."

ಅದು ಶಿರ್ಕ್ ಅಲ್ಲ, ಅಲಕ್ಷ್ಯ, ತೌಬಾದ ಬಾಗಿಲು ತೆರೆದೇ ಇದೆ ಎಂದು ಸಮಾಧಾನ ಹೇಳಿದೆ. ಆದರೆ ಆ ಮಾತು ನನ್ನನ್ನೂ ಚುಚ್ಚಿತು. ಹಜ್ಜ್‌ಗೆ ಹೋಗುವವರಿಗೂ ಮನೆಯಲ್ಲೇ ಇರುವ ನಮಗೂ ಇರುವ ಪ್ರಶ್ನೆ ಒಂದೇ: ನಮ್ಮ ಲಬ್ಬೈಕ್‌ನಲ್ಲಿ ಎಷ್ಟು 'ಹೊರತು'ಗಳಿವೆ?

ಅಂದು ಅಸರ್‌ನ ಬಾಂಗ್ ಕೇಳಿಸಿದಾಗ ಶಿಬಿರದಲ್ಲಿ ಮೊದಲು ಎದ್ದವರು ಅವರೇ.